ಡ್ಯೂಕ್ ಎಲಿಂಗ್ಟನ್ ಸಿಡಿಗಳು: ಮೃದಂಗದ ಚಿಕ್ಕಪ್ಪನ ಜೊತೆ ಕೂತು ಕೇಳಿದ್ದು

ನಾಲ್ಕು ಆಲ್ಬಮ್ ಆರ್ಡರ್ ಮಾಡಿದ್ದೆ, ಅದ್ರಲ್ಲಿ ಒಂದರ ಡಬ್ಬ ಮೂಲೆ ಒಡ್ದೋಗೇ ಬಂತು, ಮಾರಿದೋರಿಗೆ ಫೋಟೋ ಕಳ್ಸಿ ಹತ್ತು ದಿನ ಆಯ್ತು ಇನ್ನೂ ಉತ್ತರ ಇಲ್ಲ. ಒಳಗಿನ ಸಿಡಿಗೆ ಗೀರು ಬಿದ್ದಿಲ್ವಲ್ಲ ಅಂತ ಸುಮ್ನಾದೆ. ಎಲ್ಲಾ ಡ್ಯೂಕ್ ಎಲಿಂಗ್ಟನ್‌ದೇ, ಅಮೆರಿಕದ ಜಾಜ್ ಸಂಗೀತದವ್ರು, ಪಿಯಾನೋ ನುಡಿಸ್ತಾ ತಮ್ಮದೇ ದೊಡ್ಡ ಬ್ಯಾಂಡ್ ನಡೆಸ್ತಿದ್ರು, ಅದಕ್ಕೆ ಸಂಗೀತನೂ ಬರೀತಿದ್ರು. ಫೋನಲ್ಲೇ ಕೇಳ್ಬಹುದಲ್ಲ ಅಂತೀರಾ, ಕೇಳ್ಬಹುದು, ಆದ್ರೆ ಅಲ್ಲಿ ಒಂದೇ ಹಾಡಿಗೆ ಇಪ್ಪತ್ತು ವರ್ಷನ್ ಇರುತ್ತೆ, ಯಾವ ವರ್ಷದ್ದು ಯಾರು ನುಡಿಸಿದ್ದು ಅನ್ನೋದೇ ಗೊತ್ತಾಗಲ್ಲ, ಈ ಮನುಷ್ಯನ ವಿಷಯದಲ್ಲಿ ಯಾರು ನುಡಿಸಿದ್ರು ಅನ್ನೋದೇ ಮುಖ್ಯ.

ನಂಗೆ ಹಿತ್ತಾಳೆ ವಾದ್ಯ ಅಂದ್ರೆ ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್‌ನೋರು ನುಡಿಸ್ತಾರಲ್ಲ ಅದು, ಬಿಟ್ರೆ ಮದ್ವೆ ಬ್ಯಾಂಡ್‌ಸೆಟ್ಟು. ಅಷ್ಟು ಜನ ಒಟ್ಟಿಗೆ ಊದಿದ್ರೆ ಎಲ್ಲಾ ಒಂದೇ ಗಂಟಲಲ್ಲಿ ಬರ್ಬೇಕು ಅಂತ್ಲೇ ಅಂದ್ಕೊಂಡಿದ್ದೆ. ಇಲ್ಲಿ ಅದು ಉಲ್ಟಾ. 1940ರಿಂದ 42ರವರೆಗಿನ ರೆಕಾರ್ಡಿಂಗ್ಸ್ ಸೇರ್ಸಿ ‘ನೆವರ್ ನೋ ಲಮೆಂಟ್’ ಅಂತ ಮೂರು ಸಿಡಿ ಸೆಟ್ 2003ರಲ್ಲಿ ಬಂದಿದೆ, ಅದನ್ನ ಹಾಕಿ ‘ಕೋ-ಕೋ’ ಕೇಳಿ, ಟ್ರಿಕಿ ಸ್ಯಾಮ್ ನ್ಯಾಂಟನ್ ಅನ್ನೋರು ಟ್ರಾಂಬೋನ್ ಅನ್ನೋ ಹಿತ್ತಾಳೆ ವಾದ್ಯದಲ್ಲಿ ‘ಯಾ ಯಾ’ ಅಂತ ಮಾತೇ ಆಡ್ತಾರೆ. ಹೇಗೆ ಅಂದ್ರೆ ಸಿಂಕ್ ಕಟ್ಕೊಂಡಾಗ ಒತ್ತೋ ರಬ್ಬರ್ ಬಟ್ಟಲು ಇರುತ್ತಲ್ಲ, ಅದನ್ನ ವಾದ್ಯದ ಬಾಯಿಗೆ ಹಿಡಿದು ಮುಚ್ಚಿ ತೆಗೆದು ಮಾಡ್ತಿದ್ರು. ಡ್ಯೂಕ್ ಸಂಗೀತ ಬರೀವಾಗ ‘ಇಲ್ಲಿ ಟ್ರಾಂಬೋನ್’ ಅಂತಲ್ಲ, ‘ಇಲ್ಲಿ ಈ ಮನುಷ್ಯ’ ಅಂತ ಬರೀತಿದ್ರು. ಆಗಿನ 78 ಆರ್‌ಪಿಎಂ ಪ್ಲೇಟಲ್ಲಿ ಒಂದು ಕಡೆಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡೀತಿದ್ದಿದ್ದು, ಅಷ್ಟರೊಳಗೇ ಎಲ್ಲಾ ಮುಗಿಸ್ಬೇಕು, ಒಂದು ಸ್ವರ ಪೋಲಾಗಿಲ್ಲ. ‘ಟೇಕ್ ದಿ ಎ ಟ್ರೈನ್’ ಇದೇ ಸೆಟ್ಟಲ್ಲಿದೆ, ಅದನ್ನ ಬರೆದಿದ್ದು ಡ್ಯೂಕ್ ಅಲ್ಲ, ಅವರ ಜೊತೆ ಸಂಗೀತ ಬರೀತಿದ್ದ ಬಿಲ್ಲಿ ಸ್ಟ್ರೇಹಾರ್ನ್. ಸೌಂಡ್ ಹಳೇದು, ಸ್ವಲ್ಪ ಕಿರಿದು, ಹೆಡ್‌ಫೋನಲ್ಲಿ ಒಟ್ಟಿಗೆ ಕೇಳಿದ್ರೆ ತಲೆನೋವು ಬರುತ್ತೆ, ದಿನಕ್ಕೆ ಐದಾರು ಸಾಕು.

ಇದನ್ನ ಹಾಕಿದ್ದಾಗ್ಲೇ ಚಿಕ್ಕಪ್ಪ ಬಂದಿದ್ದು. ಕುವೆಂಪುನಗರದಲ್ಲಿ ಎರಡು ಕ್ರಾಸ್ ಆಚೆ ಮನೆ, ಮೃದಂಗ ನುಡಿಸ್ತಾರೆ, ಒಂಟಿಕೊಪ್ಪಲ್ ಎಂಟನೇ ಕ್ರಾಸ್ ಗಣೇಶನ ಕಚೇರಿ ಒಂದೂ ಬಿಡೋರಲ್ಲ. ಕಾಫಿ ಲೋಟ ಹಿಡ್ಕೊಂಡು ನಿಂತ್ಕಂಡೇ ಕೇಳಿದ್ರು, ಆಮೇಲೆ ‘ಪಿಯಾನೋದವ್ರು ಅಂದ್ಯಲ್ಲೋ, ಪಿಯಾನೋನೇ ಕೇಳಿಸ್ತಿಲ್ಲ ಕಣೋ’ ಅಂದ್ರು. ಸರಿ ಅನ್ನಿಸ್ತು ನಂಗೂ. ‘ಕೂತ್ಕೊಳ್ಳಿ ಚಿಕ್ಕಪ್ಪ, ಇನ್ನೊಂದು ಹಾಕ್ತೀನಿ’ ಅಂತ ನ್ಯೂಪೋರ್ಟ್ ಹಾಕ್ದೆ.

ಇದು 1956ರ ಜುಲೈ 7ನೇ ತಾರೀಖು ರಾತ್ರಿ, ಅಮೆರಿಕದ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ ನುಡಿಸಿದ್ದು. ಆ ಟೈಮಿಗೆ ದೊಡ್ಡ ಬ್ಯಾಂಡ್‌ಗಳ ಕಾಲ ಮುಗೀತು ಅಂತಿದ್ರು, ಡ್ಯೂಕ್ ಹೆಸರೂ ಮಂಕಾಗಿತ್ತು. 1937ರಲ್ಲಿ ಬರೆದಿದ್ದ ‘ಡಿಮಿನುಯೆಂಡೋ ಆಂಡ್ ಕ್ರೆಸೆಂಡೋ ಇನ್ ಬ್ಲೂ’ ಶುರು ಮಾಡಿದ್ರು, ಎರಡು ಭಾಗದ ಮಧ್ಯೆ ಟೆನರ್ ಸ್ಯಾಕ್ಸೋಫೋನಿನ ಪಾಲ್ ಗಾನ್ಸಾಲ್ವೆಸ್‌ಗೆ ಜಾಗ ಬಿಟ್ರು, ಆ ಮನುಷ್ಯ 27 ಕೋರಸ್ ನಿಲ್ಲಿಸ್ದೆ ನುಡಿಸ್ಬಿಟ್ಟ. ಕೋರಸ್ ಅಂದ್ರೆ ಬ್ಲೂಸ್ ಅನ್ನೋ ಧಾಟಿಯ ಒಂದು ಸುತ್ತು, ಅದರಲ್ಲಿ ಹನ್ನೆರಡು ‘ಬಾರ್’, ಬಾರ್ ಅಂದ್ರೆ ತಾಳದ ಒಂದು ಸಣ್ಣ ಅಳತೆ. ಚಿಕ್ಕಪ್ಪ ಸುಮ್ನೆ ಕೂರೋರಲ್ಲ, ತೊಡೆ ಮೇಲೆ ಆದಿತಾಳ ಹಾಕಕ್ಕೆ ಶುರು ಮಾಡಿದ್ರು. ಒಂದು ‘ಬಾರ್’ಗೆ ನಾಲ್ಕು ಅಕ್ಷರ, ಹನ್ನೆರಡಕ್ಕೆ ನಲವತ್ತೆಂಟು, ಆದಿತಾಳದ ಒಂದು ಆವರ್ತಕ್ಕೆ ಎಂಟು, ಅಂದ್ರೆ ಸರಿಯಾಗಿ ಆರು ಆವರ್ತ. ಎಲ್ಲೂ ಜಾರ್ಲಿಲ್ಲ, ಆರನೇ ಆವರ್ತ ಮುಗಿದು ಸಮಕ್ಕೆ ಬಂದಾಗೆಲ್ಲ ಡ್ರಮ್ಮಿನವ್ರೂ ಅಲ್ಲಿಗೇ ಬರೋರು, ಇವ್ರು ನನ್ನ ಮುಖ ನೋಡೋರು. ಹತ್ತು ಹನ್ನೊಂದು ಸುತ್ತಿಗೆ ಕೈ ನೋವು ಬಂದು ಬಿಟ್ರು, ಅಷ್ಟು ಸ್ಪೀಡು. ಲೆಕ್ಕ ಹಾಕಿ, 27 ಕೋರಸ್‌ಗೆ 162 ಆವರ್ತ! ಅಷ್ಟೊತ್ತಿಗೆ ಅಲ್ಲಿ ಜನ ಕಿರುಚಕ್ಕೆ ಶುರು ಮಾಡಿರ್ತಾರೆ, ಅದೂ ರೆಕಾರ್ಡಿಂಗಲ್ಲಿ ಏರ್ತಾ ಏರ್ತಾ ಹೋಗುತ್ತೆ. ತಂತ್ರಗಾರಿಕೆ ಏನೂ ಇಲ್ಲ ಆ ಸ್ಯಾಕ್ಸ್‌ನಲ್ಲಿ, ತಾಳದ ಮೇಲೆ ಕೂತ್ಕೊಂಡು ಇಳೀಲೇ ಇಲ್ಲ ಅಷ್ಟೆ.

ಈಗ ಖರೀದಿ ವಿಷಯ, ಇದನ್ನ ಗಮನಿಸಿ. ಆ ವರ್ಷ ಬಂದ ಎಲ್‌ಪಿಯಲ್ಲಿ ಕೆಲವು ಭಾಗನ ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಅಂಟಿಸಿದ್ರು. ಅಲ್ಲದೆ ಗಾನ್ಸಾಲ್ವೆಸ್ ನಿಂತಿದ್ದು ಬೇರೆ ಮೈಕ್ ಮುಂದೆ, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕು, ಅದಕ್ಕೇ ಎಲ್‌ಪಿಯಲ್ಲಿ ಅವರ ಸ್ಯಾಕ್ಸ್ ಎಲ್ಲೋ ದೂರದಲ್ಲಿ ಕೇಳಿಸುತ್ತೆ. ಆ ರೇಡಿಯೋ ಟೇಪ್ ಆಮೇಲೆ ಸಿಕ್ಕಿ, ಎರಡನ್ನೂ ಹೊಂದಿಸಿ 1999ರಲ್ಲಿ ಎರಡು ಸಿಡಿ ‘ಕಂಪ್ಲೀಟ್’ ಅಂತ ತಂದ್ರು. ಅದನ್ನೇ ತಗೊಳ್ಳಿ. ನನ್ನ ಡಬ್ಬ ಒಡ್ದಿದ್ದು ಇದೇ.

ಮೂರನೇದು ‘ಫಾರ್ ಈಸ್ಟ್ ಸ್ವೀಟ್’, ಸ್ವೀಟ್ ಅಂದ್ರೆ ಇಲ್ಲಿ ಸಿಹಿ ಅಲ್ಲ, ಒಟ್ಟಿಗೆ ಪೋಣಿಸಿದ ಸಂಗೀತದ ತುಣುಕುಗಳು. 1963ರಲ್ಲಿ ಅಮೆರಿಕ ಸರ್ಕಾರನೇ ಬ್ಯಾಂಡನ್ನ ನಮ್ಮ ದೇಶ, ಇರಾನು, ಇರಾಕು ಅಂತ ಸುತ್ತಾಡ್ಸಿತ್ತು, ಕೆನಡಿ ಹತ್ಯೆ ಆಗಿ ಪ್ರವಾಸ ಅರ್ಧಕ್ಕೆ ನಿಂತೋಯ್ತು. ಆ ನೆನಪಿಂದ ಡ್ಯೂಕೂ ಸ್ಟ್ರೇಹಾರ್ನೂ ಸೇರಿ ಮಾಡಿದ್ದು, ರೆಕಾರ್ಡ್ ಆಗಿದ್ದು 1966ರ ಡಿಸೆಂಬರ್. ನಾನು ಸಿತಾರ್ ಗಿತಾರ್ ಹಾಕಿರ್ತಾರೇನೋ ಅಂತ ಹೆದ್ರಿದ್ದೆ, ಇಲ್ಲ, ಪುಣ್ಯಕ್ಕೆ. ‘ಬ್ಲೂಬರ್ಡ್ ಆಫ್ ಡೆಲ್ಲಿ’ ಅನ್ನೋದ್ರಲ್ಲಿ ದೆಹಲಿಯಲ್ಲಿ ಕೇಳಿದ ಗೊರವಂಕದ ಕೂಗು ಕ್ಲಾರಿನೆಟ್ಟಲ್ಲಿ ಬರುತ್ತೆ, ಜಿಮ್ಮಿ ಹ್ಯಾಮಿಲ್ಟನ್ ನುಡಿಸಿದ್ದು. ಹಕ್ಕಿ ತನ್ನ ಪಾಡಿಗೆ ಅದದೇ ಹೇಳ್ತಿರುತ್ತೆ, ಸುತ್ತ ಬ್ಯಾಂಡ್ ಮಾತ್ರ ಬಣ್ಣ ಬದಲಾಯಿಸ್ತಾ ಇರುತ್ತೆ. ನಮ್ಮ ಕಾಂಪೌಂಡ್ ಗೋಡೆ ಮೇಲೂ ಬೆಳಿಗ್ಗೆ ಇದೇ ಗಲಾಟೆ, ಪಕ್ಕದ ಮನೆ ಕುಕ್ಕರ್ ಕೂಗಿದ್ರೂ ಅದಕ್ಕೆ ಸಂಬಂಧ ಇಲ್ಲ. ‘ಇಸ್ಫಹಾನ್’ ಅಂತ ಒಂದಿದೆ, ಜಾನಿ ಹಾಜಸ್ ಆಲ್ಟೋ ಸ್ಯಾಕ್ಸಲ್ಲಿ ಸ್ವರದಿಂದ ಸ್ವರಕ್ಕೆ ಜಾರೋ ಜಾರು ಕೇಳಿ ಚಿಕ್ಕಪ್ಪ ಕಣ್ಣು ಮುಚ್ಕೊಂಡ್ರು. ಇದು ಪ್ರವಾಸಕ್ಕೆ ಮುಂಚೆನೇ ಬರೆದಿದ್ದಂತೆ, ಹೆಸರು ಆಮೇಲೆ ಇಟ್ಟಿದ್ದು, ಇರ್ಲಿ ಬಿಡಿ. ಒಂದೇ ಒಂದು ತಗೋತೀನಿ ಅನ್ನೋರು ಇದನ್ನ ತಗೊಳ್ಳಿ.

‘ಮನಿ ಜಂಗಲ್’ ಕೊನೇಲಿ ಹಾಕ್ದೆ. 1962, ಬ್ಯಾಂಡ್ ಇಲ್ಲ, ಬೇಸ್‌ಗೆ ಚಾರ್ಲ್ಸ್ ಮಿಂಗಸ್, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್, ಪಿಯಾನೋ ಡ್ಯೂಕ್. ಮೊದಲ ಟ್ರ್ಯಾಕಲ್ಲಿ ಬೇಸಿನವ್ರು ತಂತಿ ಕಿತ್ತು ಹಾಕೋ ಹಂಗೆ ಎಳೀತಾರೆ, ಅರವತ್ಮೂರರ ಡ್ಯೂಕ್ ಪಿಯಾನೋ ಗುದ್ದಿ ಗುದ್ದಿ ಉತ್ತರ ಕೊಡ್ತಾರೆ, ನಂಗೆ ಜಗಳದ ಮನೆಗೆ ಹೋದಂಗಾಯ್ತು, ಎಲ್ಲರಿಗೂ ಹಿಡಿಸಲ್ಲ. ಅದರಲ್ಲೇ ‘ಫ್ಲುರೆಟ್ ಆಫ್ರಿಕೇನ್’ ಅಂತ ಇದೆ, ನಾಲ್ಕೇ ನಾಲ್ಕು ಸ್ವರ ಇಟ್ಟಂಗಿರುತ್ತೆ, ಬೇಸ್ ಸುತ್ತ ನೊಣದ ರೆಕ್ಕೆ ಥರ ಪಟಪಟ ಅನ್ನುತ್ತೆ.

ಅದು ಮುಗಿದ ಮೇಲೆ ಚಿಕ್ಕಪ್ಪ, ‘ಆ 27 ಸುತ್ತಿಂದು ಮತ್ತೆ ಹಾಕೋ, ಈ ಸಲ ಸ್ಯಾಕ್ಸಿನವನ್ನ ಬಿಟ್ಟು ಹಿಂದೆ ಪಿಯಾನೋ ಕೇಳೋಣ’ ಅಂದ್ರು. ಹಾಕ್ದೆ. ಡ್ಯೂಕ್ ಒಂದೊಂದು ಸಲ ಎರಡು ಪೆಟ್ಟು ಹಾಕ್ತಾರೆ, ಆಮೇಲೆ ಕೈ ತೆಗೆದುಬಿಡ್ತಾರೆ, ಪಿಯಾನೋ ಹೊತ್ತು ಹೊತ್ತು ಸುಮ್ನಿರುತ್ತೆ, ಬಾಯಲ್ಲಿ ಮಾತ್ರ ಹುರಿದುಂಬಿಸಿ ಕೂಗ್ತಿರ್ತಾರೆ. ‘ಇವ್ರು ಒಳ್ಳೇ ಪಕ್ಕವಾದ್ಯದವ್ರು ಕಣೋ’ ಅಂದ್ರು ಚಿಕ್ಕಪ್ಪ, ಕಾಫಿ ಆರೋಗಿತ್ತು, ಹಂಗೇ ಕುಡಿದ್ರು. ಹೋಗ್ತಾ ಒಡ್ದೋಗಿರೋ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕ್ಕೊಂಡು ಮನೆಗೆ ತಗೊಂಡೋಗಿದ್ದಾರೆ.