ಮಳೆಗಾಲದಲ್ಲಿ ಗಿಟಾರ್ ಟಾಪ್‌ಗೆ ಬ್ರೇಸ್ ಅಂಟಿಸಬೇಡಿ, ಮಾರ್ಚ್‌ನಲ್ಲಿ ಸೀಳುತ್ತದೆ

ಜುಲೈ ಕೊನೆಗೆ ತೀರ್ಥಹಳ್ಳಿ ಕಡೆಯ ಮನೆಯೊಂದರ ವರ್ಕ್‌ಶಾಪಿನಲ್ಲಿ ಬ್ರೇಸ್ (ಟಾಪ್ ಎಂಬ ಮೇಲುಹಲಗೆಗೆ ಒಳಗಿನಿಂದ ಬಲ ಕೊಡುವ ಮರದ ಪಟ್ಟಿ) ಅಂಟಿಸಿ, ಆಗಸ್ಟ್‌ನಲ್ಲಿ ಬಾಕ್ಸ್ (ಗಿಟಾರಿನ ಟೊಳ್ಳು ಒಡಲು) ಮುಚ್ಚಿದ, ದೊಡ್ಡ ಒಡಲಿನ ಡ್ರೆಡ್‌ನಾಟ್ ಗಿಟಾರ್ ಅದು. ಸಿಟ್ಕಾ ಸ್ಪ್ರೂಸ್ ಟಾಪ್, ಬೀಟೆ ಮರದ ಬ್ಯಾಕ್ ಮತ್ತು ಸೈಡ್. ಕೈಕೆಲಸದಲ್ಲಿ ಕೊರತೆಯೇ ಇರಲಿಲ್ಲ. ಟಾಪ್ ದಪ್ಪ 2.8 ಮಿ.ಮೀ., ಎಕ್ಸ್ ಆಕಾರದ ಬ್ರೇಸ್ ಅಗಲ 8 ಮಿ.ಮೀ., ಎರಡು ಹಲಗೆ ಕೂಡಿದ ನಡುಗೆರೆ ಬೆಳಕಿಗೆ ಹಿಡಿದರೂ ಕಾಣದಷ್ಟು ಬಿಗಿ. ದೀಪಾವಳಿ ಹೊತ್ತಿಗೆ ತಂತಿ ಏರಿತು, ದನಿಯೂ ತುಂಬಿಕೊಂಡು ಬಂತು. ಡಿಸೆಂಬರ್‌ನಲ್ಲಿ ಗಿಟಾರ್ ಬೆಂಗಳೂರಿಗೆ ಹೋಯಿತು. ಮಾರ್ಚ್ ಎರಡನೇ ವಾರ, ಬ್ರಿಡ್ಜಿನ (ಟಾಪ್ ಮೇಲೆ ತಂತಿ ಹಿಡಿದಿಡುವ ಮರದ ತುಂಡು) ಬಲತುದಿಯಿಂದ ಕೆಳಗಿನ ಅಂಚಿನ ಕಡೆಗೆ 11 ಸೆಂ.ಮೀ. ಉದ್ದದ ಸೀಳು. ಸೌಂಡ್‌ಹೋಲ್ ಒಳಗೆ ಟಾರ್ಚ್ ಇಟ್ಟರೆ ಕತ್ತಲೆ ಕೋಣೆಯಲ್ಲಿ ಆ ಸೀಳು ಕೂದಲೆಳೆಯಷ್ಟು ಬೆಳಕಿನ ಗೆರೆಯಾಗಿ ಹೊಳೆಯುತ್ತಿತ್ತು.

ಇಂಥದ್ದಾದಾಗ ಮೊದಲು ಬೈಸಿಕೊಳ್ಳುವುದು ಮರ. ‘ಹಲಗೆ ಸರಿಯಿರಲಿಲ್ಲ, ಬಿಸಿಲಿಗೆ ಇಟ್ಟಿರಬೇಕು’ ಎನ್ನುತ್ತಾರೆ. ಎರಡೂ ಅಲ್ಲ. ಆ ಸೀಳು ಜುಲೈನಲ್ಲಿ ಬ್ರೇಸ್ ಅಂಟಿಸಿದ ದಿನವೇ ಗಿಟಾರಿನೊಳಗೆ ಸೇರಿಕೊಂಡಿತ್ತು.

ಲೆಕ್ಕ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ಶೇ. 85ರ ಸುಮಾರು ಇರುತ್ತದೆ. ಅಂಥ ಗಾಳಿಯಲ್ಲಿ ದಿನಗಟ್ಟಲೆ ಕೂತ ಮರದಲ್ಲಿ ನೀರಿನ ಪಾಲು ಶೇ. 18ರವರೆಗೂ ಹೋಗುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ತೇವ 30ಕ್ಕಿಂತ ಕೆಳಗೂ ಇಳಿಯುತ್ತದೆ. ರಾತ್ರಿ ಹಗಲು ಸೇರಿಸಿ ಸರಾಸರಿ 40–45 ಎಂದುಕೊಂಡರೂ ಮರದೊಳಗಿನ ನೀರು ಶೇ. 8ರ ಆಸುಪಾಸಿಗೆ ಬರುತ್ತದೆ. ಕ್ವಾರ್ಟರ್ ಸಾನ್ (ಮರದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದ) ಸಿಟ್ಕಾ ಸ್ಪ್ರೂಸ್ ಹಲಗೆ, ಒಳಗಿನ ನೀರು ಶೇ. 1ರಷ್ಟು ಕಡಿಮೆಯಾದರೆ ಅಗಲದಲ್ಲಿ ಸುಮಾರು ಶೇ. 0.15 ಕುಗ್ಗುತ್ತದೆ. 400 ಮಿ.ಮೀ. ಅಗಲದ ಟಾಪ್‌ಗೆ ಅದು 0.6 ಮಿ.ಮೀ. ಹದಿನೆಂಟರಿಂದ ಎಂಟಕ್ಕೆ ಇಳಿದರೆ 6 ಮಿ.ಮೀ.! ಮರ ಅಷ್ಟು ಪೂರ್ತಿ ಒಣಗದೆ ಅರ್ಧಕ್ಕೇ ನಿಂತರೂ 3 ಮಿ.ಮೀ. ಕುಗ್ಗಲೇಬೇಕು.

ಕುಗ್ಗಲು ಬಿಡುವವರು ಯಾರು? ಕೆಳಗಿರುವ ಬ್ರೇಸ್‌ಗಳ ಎಳೆ ಟಾಪಿನ ಎಳೆಗೆ ಅಡ್ಡವಾಗಿ, ಓರೆಯಾಗಿ ಓಡುತ್ತದೆ. ಮರ ತನ್ನ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಟಾಪ್ ಒಳಕ್ಕೆ ಎಳೆಯುತ್ತದೆ, ಬ್ರೇಸ್ ಕದಲುವುದಿಲ್ಲ. ಮೊದಮೊದಲು ಟಾಪ್ ಒಂದೇ ಮಗ್ಗುಲು ಒಣಗಿದ ಹಪ್ಪಳದ ಹಾಗೆ ಬಾಗಿ, ಉಬ್ಬಿದ್ದದ್ದು ತಗ್ಗಾಗುತ್ತದೆ. ಬಾಗುವಷ್ಟು ಬಾಗಿದ ಮೇಲೆ ಬಿರಿಯುತ್ತದೆ. ಬ್ರಿಡ್ಜಿನ ತುದಿಯಲ್ಲೇ ಬಿರಿಯುವುದೇಕೆಂದರೆ, ಅಡ್ಡಕ್ಕೆ ಅಂಟಿದ ಗಟ್ಟಿ ಮರ ಅಲ್ಲಿ ಒಮ್ಮೆಲೇ ಮುಗಿಯುತ್ತದೆ, ಎಳೆತವೆಲ್ಲ ಅದರ ಅಂಚಿಗೆ ಬಂದು ಕೂಡುತ್ತದೆ.

ಸೀಳುವ ಮೊದಲು ಈ ಗಿಟಾರ್ ಸೂಚನೆ ಕೊಟ್ಟಿತ್ತು. ಜನವರಿಯಲ್ಲೇ ನೆಕ್ ಮೇಲೆ ಬೆರಳಾಡಿಸಿದರೆ ಫ್ರೆಟ್‌ಗಳ, ಅಂದರೆ ನೆಕ್ ಮೇಲಿನ ಅಡ್ಡ ಲೋಹಪಟ್ಟಿಗಳ ತುದಿ ಗರಗಸದ ಹಲ್ಲಿನ ಹಾಗೆ ತಾಗುತ್ತಿದ್ದವು. ಲೋಹ ಬೆಳೆದಿರಲಿಲ್ಲ, ಅದು ಕೂತಿರುವ ಫಿಂಗರ್‌ಬೋರ್ಡ್ ಹಲಗೆ ಅಗಲದಲ್ಲಿ ಕುಗ್ಗಿತ್ತು. ಫೆಬ್ರವರಿಯಲ್ಲಿ ತಂತಿ ಫ್ರೆಟ್‌ಗೆ ತಾಗಿ ಜಿರ್ರೆನ್ನತೊಡಗಿತು. ನೆಕ್ಕಿನ ಬಾಗು ತಿದ್ದುವ ಟ್ರಸ್ ರಾಡ್ ತಿರುಗಿಸಿದ್ದಾಯಿತು, ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಪಟ್ಟಿಯ ಕೆಳಗೆ ಚೂರು ಇಟ್ಟು ಎತ್ತರಿಸಿದ್ದಾಯಿತು. ಆದರೆ ನೆಕ್ ನೆಟ್ಟಗೇ ಇತ್ತು. ಟಾಪ್ ಕುಸಿದು ಬ್ರಿಡ್ಜ್ ಕೆಳಗಿಳಿದಿತ್ತು. ಬ್ರಿಡ್ಜಿನ ಹಿಂದೆ ಟಾಪಿನ ಅಡ್ಡಕ್ಕೆ ಒಂದು ಸ್ಟೀಲ್ ಸ್ಕೇಲ್ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಸರಿಯಿರುವ ಟಾಪ್ ಮೇಲೆ ಸ್ಕೇಲ್ ನಡುವೆ ತಾಗಿ ಎರಡೂ ತುದಿಯಲ್ಲಿ ಎದ್ದಿರುತ್ತದೆ. ತುದಿ ತಾಗಿ ನಡುವೆ ಬೆಳಕು ಕಂಡರೆ ಅದೇ ದಿನ ತಂತಿ ಸಡಿಲಿಸಿ ಗಿಟಾರನ್ನು ಕೇಸಿನೊಳಗೆ ತೇವಕ್ಕೆ ಇಡಬೇಕು.

ಹಾಗಾದರೆ ಅಂಟಿಸುವುದು ಯಾವಾಗ? ಗಾಳಿಯ ತೇವ 40–45 ಇರುವಾಗ, ಅದರಲ್ಲೂ ಹಲಗೆ ಮತ್ತು ಬ್ರೇಸ್ ಎರಡೂ ಅದೇ ಗಾಳಿಯಲ್ಲಿ ಕನಿಷ್ಠ ಒಂದು ವಾರ ಕೂತ ಮೇಲೆ. ದಪ್ಪ ಇಳಿಸದ 4–5 ಮಿ.ಮೀ. ಹಲಗೆಗೆ ಎರಡು ವಾರ ಕೊಡಿ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇದ್ದರೂ ಕುರುಡಾಗಿ ನಂಬಬೇಡಿ, ಅಗ್ಗದ ಡಿಜಿಟಲ್ ಮೀಟರುಗಳು ಐದು–ಹತ್ತು ಅಂಕ ಆಚೀಚೆ ತೋರಿಸುತ್ತವೆ. ಪರೀಕ್ಷೆ ಸುಲಭ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದಂತೆ ಹಸಿ ಮರಳಿನ ಹದಕ್ಕೆ ನೀರು ಚಿಮುಕಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ 75 ತೋರಿಸಬೇಕು. 82 ತೋರಿಸಿದರೆ ಮುಂದೆ ಓದುವಾಗೆಲ್ಲ 7 ಕಳೆಯಿರಿ.

ಮೀಟರ್ ಹೇಳುವುದು ಗಾಳಿಯ ಸುದ್ದಿ. ಮರದ ಸುದ್ದಿಗೆ ತಕ್ಕಡಿ ಬೇಕು. ಅಂಚು ಕತ್ತರಿಸದ 400 × 500 ಮಿ.ಮೀ. ಸ್ಪ್ರೂಸ್ ಟಾಪ್ 2.8 ಮಿ.ಮೀ. ದಪ್ಪದಲ್ಲಿ ಸುಮಾರು 235 ಗ್ರಾಂ ತೂಗುತ್ತದೆ. ಒಳಗಿನ ನೀರು ಶೇ. 1 ಇಳಿದರೆ ತೂಕ 2 ಗ್ರಾಂ ಇಳಿಯುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ ಹಲಗೆಯ ಮೂಲೆಯಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಮೂರು ದಿನ ಅಂಕಿ ಕದಲದೆ ನಿಂತರೆ ಹಲಗೆ ತಯಾರು.

ಮಳೆಗಾಲದಲ್ಲೇ ಅಂಟಿಸಬೇಕು ಎನ್ನುವವರಿಗೆ ಕಾವಿನ ಪೆಟ್ಟಿಗೆ ಭರವಸೆಯ ದಾರಿ. 24 ಡಿಗ್ರಿಯಲ್ಲಿ ಶೇ. 85 ತೇವವಿರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ, ನೀರು ಅಷ್ಟೇ ಇದ್ದರೂ ತೇವದ ಅಂಕಿ 45ಕ್ಕೆ ಇಳಿಯುತ್ತದೆ. ಪ್ಲೈವುಡ್ ಪೆಟ್ಟಿಗೆ, ತಳದಲ್ಲಿ ಕೋಳಿಮರಿ ಕಾವಿಗೆ ಹಾಕುವ ಬಲ್ಬ್, ಅದರ ಮೇಲೆ ತಂತಿಜಾಲ, ಹಲಗೆ ಬಲ್ಬಿನಿಂದ ಒಂದಡಿಯಾದರೂ ದೂರ, ಕೆಳಗೂ ಮೇಲೂ ಒಂದೊಂದು ತೂತು, ಜೊತೆಗೆ ಥರ್ಮೋಸ್ಟಾಟ್. ಬಲ್ಬ್ ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ. ಎಸಿಯ ಡ್ರೈ ಮೋಡ್ 50ರ ಕೆಳಗೆ ಇಳಿಸುವುದು ಕಷ್ಟ. ಅಕ್ಕಿ ಚೀಲದ ಉಪಾಯವಂತೂ ಇಷ್ಟು ದೊಡ್ಡ ಹಲಗೆಗೆ ಏನೇನೂ ಸಾಲದು.

ಇಲ್ಲಿ ಹೆಚ್ಚಿನವರು ಎಡವುವುದು ಪೆಟ್ಟಿಗೆಯಿಂದ ಹೊರತೆಗೆದ ಮೇಲೆ. 2.8 ಮಿ.ಮೀ. ಸ್ಪ್ರೂಸ್ ಕೆಲವೇ ಗಂಟೆಗಳಲ್ಲಿ ಮತ್ತೆ ಹೊರಗಿನ ತೇವ ಕುಡಿಯುತ್ತದೆ. ಬೆಳಗ್ಗೆ ತೆಗೆದು, ಬ್ರೇಸ್ ಕೆತ್ತಿ, ಸಂಜೆ ಅಂಟಿಸಿದರೆ ವಾರದ ಶ್ರಮ ನೀರುಪಾಲು. ಬ್ರೇಸಿನ ತಳವನ್ನು ಮೊದಲೇ ಡೋಮ್‌ಗೆ, ಅಂದರೆ ಟಾಪಿನ ಉಬ್ಬಿಗೆ ಹೊಂದಿಸಿ, ಕ್ಲ್ಯಾಂಪ್ ಸಮೇತ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ, ಆಮೇಲೆ ಹಲಗೆ ತೆಗೆದ ಅರ್ಧ ಗಂಟೆಯೊಳಗೆ ಅಂಟಿಸಿ, ಕ್ಲ್ಯಾಂಪ್ ಹಾಕಿದ ಹಾಗೆಯೇ ಪೆಟ್ಟಿಗೆಗೆ ವಾಪಸ್ ಇಡಿ. ಅಂಟಿನ ನೀರೂ ಮರಕ್ಕೆ ಇಳಿದಿರುತ್ತದೆ, 24 ಗಂಟೆ ಹೊರಗೆ ತೆಗೆಯಬೇಡಿ. ಬ್ಯಾಕಿನ ಬ್ರೇಸ್‌ಗೂ ಬಾಕ್ಸ್ ಮುಚ್ಚುವ ದಿನಕ್ಕೂ ಇದೇ ಕಟ್ಟುನಿಟ್ಟು. ಬೀಟೆ ಹಲಗೆ ಫ್ಲಾಟ್ ಸಾನ್ (ಉಂಗುರಗಳು ಮುಖದ ಉದ್ದಕ್ಕೆ ಮಲಗುವಂತೆ ಕೊಯ್ದದ್ದು) ಆಗಿದ್ದರೆ ಕ್ವಾರ್ಟರ್ ಸಾನ್‌ಗಿಂತ ಸರಿಸುಮಾರು ಎರಡರಷ್ಟು ಕುಗ್ಗುತ್ತದೆ ಎಂಬುದೂ ನೆನಪಿರಲಿ. ಸಾಮಿಲ್‌ನಿಂದ ತರುವಾಗ ಬಿಲ್ಲು, ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಕೇಳಿ ಪಡೆಯಿರಿ.

ಪೆಟ್ಟಿಗೆ ಇಲ್ಲದವರು ಮಳೆಗಾಲದಲ್ಲಿ ಸುಮ್ಮನೆ ಕೂರಬೇಕಿಲ್ಲ. ಸೈಡ್ ಬಗ್ಗಿಸಬಹುದು, ನೆಕ್ ಕೆತ್ತಬಹುದು. ಫ್ರೆಟ್ ಗೀರುಗಳನ್ನೂ ಕೊಯ್ಯಬಹುದು, ಉದ್ದಕ್ಕೆ ಮರ ಕದಲುವುದಿಲ್ಲವಲ್ಲ. 645.2 ಮಿ.ಮೀ. ಸ್ಕೇಲ್‌ಗೆ (ನೆಕ್ ತುದಿಯಲ್ಲಿ ತಂತಿ ಕೂರುವ ನಟ್ ಪಟ್ಟಿಯಿಂದ ಸ್ಯಾಡಲ್‌ವರೆಗಿನ ಲೆಕ್ಕದ ಉದ್ದ) ಮೊದಲ ಫ್ರೆಟ್ 36.21ರಲ್ಲಿ, ಹನ್ನೆರಡನೆಯದು 322.6ರಲ್ಲಿ. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ, ಒಂದರಿಂದ ಇನ್ನೊಂದಕ್ಕೆ ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಫ್ರೆಟ್ ಬಡಿಯುವುದು ಮಾತ್ರ ಒಣ ದಿನಗಳಿಗೆ ಇರಲಿ. ಲ್ಯಾಕರ್ ಹೊಡೆಯುವುದೂ ಅಷ್ಟೆ, ತೇವದ ಗಾಳಿಯಲ್ಲಿ ಬಿಳಿಚಿಕೊಳ್ಳುತ್ತದೆ.

ತಪ್ಪುವುದೇ ಆದರೆ ಒಣಗಿನ ಕಡೆಗೆ ತಪ್ಪಿ. ಶೇ. 35ರಲ್ಲಿ ಅಂಟಿಸಿದ ಗಿಟಾರ್ ಮಂಗಳೂರಿನ ಮಳೆಗೆ ಹೋದರೆ ಟಾಪ್ ಉಬ್ಬಿ ಆ್ಯಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ಏರುತ್ತದೆ, ಕಡಿಮೆ ಎತ್ತರದ ಇನ್ನೊಂದು ಸ್ಯಾಡಲ್ ಹಾಕಿ ನುಡಿಸಬಹುದು. ಸೀಳುವುದು ಅಪರೂಪ.

ಈಗಾಗಲೇ ಸೀಳಿರುವ ಗಿಟಾರಿನ ಮಾತು. ತೇವ ಕೊಟ್ಟು ಸೀಳು ಕೂಡಿಸಿ, ತೆಳು ಅಂಟು ಒತ್ತಿ, ಒಳಗಿನಿಂದ 1.5 ಮಿ.ಮೀ. ದಪ್ಪದ ಸ್ಪ್ರೂಸ್ ಕ್ಲೀಟ್ (ಸೀಳಿಗೆ ಅಡ್ಡಲಾಗಿ ಅಂಟಿಸುವ ಸಣ್ಣ ಬಿಲ್ಲೆ) ಹಾಕುವುದು ಎಲ್ಲರಿಗೂ ಗೊತ್ತಿರುವ ರಿಪೇರಿ. ಒಣ ಹವೆಯಲ್ಲಿ ಕಟ್ಟಿದ ಗಿಟಾರಿಗೆ ಅದು ಸರಿ. ಮಳೆಗಾಲದಲ್ಲಿ ಕಟ್ಟಿದ್ದಕ್ಕೆ ಹಾಗೆ ಮಾಡಿದರೆ ಹಳೆಯ ಎಳೆತವನ್ನೇ ಮತ್ತೆ ಒಳಗೆ ಕೂಡಿಹಾಕಿದಂತೆ. ಮುಂದಿನ ಮಾರ್ಚ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಅಂಥ ಗಿಟಾರಿನ ತಂತಿ ಪೂರ್ತಿ ಸಡಿಲಿಸಿ, 42–45ರ ಗಾಳಿಯಲ್ಲಿ ಮೂರು ವಾರ ಇಟ್ಟು, ಸೀಳು ಎಷ್ಟು ತೆರೆಯುತ್ತದೋ ತೆರೆಯಲು ಬಿಡಿ. ಆಮೇಲೆ ತೆಳು ಅಲಗಿನಿಂದ ಸೀಳಿನ ಎರಡೂ ಅಂಚನ್ನು ತುಸು ವಿ ಆಕಾರಕ್ಕೆ ಸವರಿ, ಅದೇ ಬಣ್ಣದ ಸ್ಪ್ರೂಸ್ ಸಿಬಿರನ್ನು ಎಳೆಗೆ ಎಳೆ ಹೊಂದಿಸಿ, ಬೆರಳಲ್ಲಿ ಒತ್ತಿದರೆ ಕೂರುವಷ್ಟು ಹದಕ್ಕೆ ಕೆತ್ತಿ. 60 ಡಿಗ್ರಿಗೆ ಕಾಯಿಸಿದ ಹೈಡ್ ಗ್ಲೂ (ಪ್ರಾಣಿ ಚರ್ಮದ ಅಂಟು) ಸವರಿ ಕೂರಿಸಿ. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಅದೇ ಬೆಣೆಯಾಗಿ ಸೀಳನ್ನು ಮುಂದಕ್ಕೆ ಒಯ್ಯುತ್ತದೆ. ಮೇಲುಳಿದದ್ದನ್ನು ಮರುದಿನ ಚೂಪಾದ ಉಳಿಯಿಂದ ಸಮ ಮಾಡಿ, ಒಳಗೆ 4 ಸೆಂ.ಮೀ.ಗೊಂದರಂತೆ ಕ್ಲೀಟ್ ಹಾಕಿ, ಇನ್ನೊಂದು ವಾರ ಬಿಟ್ಟು ತಂತಿ ಏರಿಸಿ.