ಪತ್ತೇದಾರಿ ಕಾದಂಬರಿ ಬರೆದಾಯ್ತು, ಎಲ್ಲಿಗೆ ಕೊಡೋದು? ನಾಲ್ಕು ದಾರಿಗಳ ಹೋಲಿಕೆ

ಹೊಸದಾಗಿ ಪತ್ತೇದಾರಿ ಕಾದಂಬರಿ ಬರೆದವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ. ವಾರಪತ್ರಿಕೆಯ ಧಾರಾವಾಹಿ, ಪ್ರಕಾಶಕರು, ಮೊಬೈಲ್ ಆ್ಯಪ್, ಸ್ವಂತ ದುಡ್ಡಿನ ಮುದ್ರಣ, ಈ ನಾಲ್ಕನ್ನೂ ನಾನು ಮಾಡಿ ನೋಡಿದ್ದೇನೆ. ದುಡ್ಡಿನ ಲೆಕ್ಕವೂ ಇದೆ, ಹೇಳುತ್ತೇನೆ. ಆದರೆ ನಾನು ಮೊದಲು ನೋಡುವುದು ಬೇರೆಯದನ್ನು. ನಾನಿಟ್ಟ ಸುಳಿವು ಓದುಗರ ಕೈಗೆ ಸರಿಯಾಗಿ ತಲುಪುತ್ತದಾ? ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಓದುಗರು ಹಿಂದಿನ ಪುಟ ತಿರುವಿ ‘ಹೌದಲ್ಲ, ಇಲ್ಲೇ ಇತ್ತು’ ಅನ್ನಬೇಕು. ಹಾಗಾಗದಿದ್ದರೆ ಅದು ಪತ್ತೇದಾರಿ ಕಥೆಯೇ ಅಲ್ಲ ಅನ್ನುವವನು ನಾನು.

ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದ ಕಾಲದಲ್ಲಿ ಇಷ್ಟೆಲ್ಲ ಯೋಚನೆ ಬೇಕಿರಲಿಲ್ಲ. ಊರೂರಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಪತ್ತೇದಾರಿ ಪುಸ್ತಕ ಸಿಗುತ್ತಿತ್ತು. ಆ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿಹೋಗಿದೆ.

ಮೊದಲು ವಾರಪತ್ರಿಕೆ. ಸುಧಾ, ತರಂಗದಂಥ ಪತ್ರಿಕೆಗಳು ಕನ್ನಡದಲ್ಲಿ ಧಾರಾವಾಹಿ ಓದುವ ಅಭ್ಯಾಸವನ್ನೇ ಬೆಳೆಸಿದವು. ಪುಸ್ತಕದ ಅಂಗಡಿಗೆ ಕಾಲಿಡದವರೂ ನಿಮ್ಮನ್ನು ಓದುತ್ತಾರೆ. ಪ್ರತಿ ಕಂತನ್ನೂ ಮುಂದೇನು ಅನ್ನಿಸುವ ಕಡೆ ನಿಲ್ಲಿಸಲೇಬೇಕು, ಆ ಕಲಿಕೆ ಬೇರೆಲ್ಲೂ ಸಿಗುವುದಿಲ್ಲ. ತೊಂದರೆ ಇರುವುದು ನೆನಪಿನಲ್ಲಿ. ನನ್ನ ಸಕಲೇಶಪುರದ ಕಥೆಯಲ್ಲಿ ಆರೋಪಿ ‘ಆ ಹೊತ್ತಿಗೆ ನಾನು ಬಸ್ಸಲ್ಲಿದ್ದೆ’ ಅಂತ ಟಿಕೆಟ್ ತೋರಿಸುತ್ತಾನೆ. ಮೆಷಿನ್ ಟಿಕೆಟ್, ಸಮಯ ಅದರಲ್ಲೇ ಮುದ್ರಣವಾಗಿರುತ್ತದೆ. ಅವನ ಪ್ರಕಾರ ಅದು ವಾರವಿಡೀ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಬಿದ್ದಿತ್ತು. ಆ ಟಿಕೆಟ್ಟಿನ ಕಾಗದ ಶಾಖ ತಗುಲಿದರೆ ಕಪ್ಪಾಗುವ ಜಾತಿಯದು. ಇವನದು ಬೆಳ್ಳಗೇ ಇದೆ! ಪುಸ್ತಕದಲ್ಲಾದರೆ ಒಂದೇ ಸಾಲು ಸಾಕು. ವಾರಪತ್ರಿಕೆಯಲ್ಲಿ ಆ ಸಾಲು ಬಂದು ತಿಂಗಳುಗಳು ಕಳೆದ ಮೇಲೆ ಅದರ ಉತ್ತರ ಬರುತ್ತದೆ. ಅಷ್ಟರಲ್ಲಿ ಹಳೇ ಸಂಚಿಕೆ ರದ್ದಿಗೆ ಹೋಗಿರುತ್ತದೆ. ಹಾಗಾಗಿ ಜೀಪು ಒರೆಸುವ ಹುಡುಗನನ್ನು ಮತ್ತೆ ಮತ್ತೆ ಕರೆತಂದು ಟಿಕೆಟ್ಟಿನ ನೆನಪು ಮಾಡಬೇಕಾಯಿತು. ಒಂದೊಂದು ಸಲ ನೆನಪಿಸಿದಾಗಲೂ ಗುಟ್ಟು ಅಷ್ಟಷ್ಟು ಸಡಿಲವಾಗುತ್ತದೆ.

ಇನ್ನೊಂದು ಸಂಗತಿ. ಒಂದು ವಾರ ಪುಟಕ್ಕೆ ಜಾಹೀರಾತು ಬಂತು, ನನ್ನ ಕಂತಿನ ಕೊನೆಯ ಪ್ಯಾರಾ ಹೋಯಿತು. ಸುಳಿವು ಇದ್ದದ್ದು ಅದರಲ್ಲೇ. ಸಂಪಾದಕರಿಗೆ ಫೋನ್ ಮಾಡಿ ಮುಂದಿನ ಕಂತಿನಲ್ಲಿ ಸೇರಿಸಿಕೊಂಡೆ ಅನ್ನಿ. ಆದರೂ ಧಾರಾವಾಹಿ ಬರೆಯುವವರಿಗೆ ನಾನು ಹೇಳುವುದಿಷ್ಟು: ಸುಳಿವನ್ನು ಕಂತಿನ ನಡುವೆ, ಮಾತುಕತೆಯ ಒಳಗೆ ಇಡಿ. ಕತ್ತರಿ ಅಲ್ಲಿಗೆ ಸುಲಭವಾಗಿ ಬರುವುದಿಲ್ಲ.

ಪ್ರಕಾಶಕರ ದಾರಿ ನಿಧಾನ. ಹಸ್ತಪ್ರತಿ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಪತ್ತೇದಾರಿ ಅಂದಕೂಡಲೇ ‘ಸಾಮಾಜಿಕ ಕಾದಂಬರಿ ಇದ್ರೆ ಕೊಡಿ ಸರ್’ ಅನ್ನುವವರೂ ಇದ್ದಾರೆ. ಈ ಮಾತು ಕೇಳಿದರೆ ನನಗೆ ಈಗಲೂ ಬೇಸರವಾಗುತ್ತದೆ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಒಂದು ಊರಿನ ಜಾತಿ, ಜಮೀನು, ಸಾಲ, ಮರ್ಯಾದೆ ಎಲ್ಲ ಬರುತ್ತದೆ. ಅದಕ್ಕಿಂತ ಸಾಮಾಜಿಕ ಇನ್ನೇನು ಬೇಕು? ಒಮ್ಮೆ ಒಪ್ಪಿದರು ಅಂದರೆ ಮಾತ್ರ ಸುಳಿವಿಗೆ ಇದೇ ಅತ್ಯುತ್ತಮ ಜಾಗ. ಇಡೀ ಕಥೆ ಒಂದೇ ರಟ್ಟಿನೊಳಗೆ ಓದುಗರ ಕೈಯಲ್ಲಿರುತ್ತದೆ.

ಆದರೆ ಕರಡು ನೋಡುವ ಕೆಲಸವನ್ನು ಯಾರಿಗೂ ಬಿಡಬೇಡಿ. ಒಂದು ಕಾದಂಬರಿಯಲ್ಲಿ ಅನಾಮಧೇಯ ಪತ್ರ ಬರುತ್ತದೆ. ಅದನ್ನು ಬರೆದವನು ‘ಹಣ’ ಅನ್ನುವಲ್ಲಿ ‘ಅಣ’, ‘ಹೊಲ’ ಅನ್ನುವಲ್ಲಿ ‘ಒಲ’ ಅಂತ ಬರೆದಿದ್ದಾನೆ. ಓದು ಬಲ್ಲ ಯಜಮಾನರು ಅದನ್ನು ಬರೆದಿರಲಾರರು ಅನ್ನಿಸುವಂತೆ, ಅವರೇ ಬೇಕೆಂದು ಹಾಗೆ ಬರೆದದ್ದು. ಆದರೆ ಒಂದೇ ಒಂದು ಕಡೆ, ‘ಅರಿಶಿನ’ ಅನ್ನಬೇಕಾದಲ್ಲಿ ‘ಹರಿಶಿನ’ ಅಂತ ಅತಿ ಮಾಡಿಬಿಟ್ಟಿದ್ದಾರೆ. ಸಿಕ್ಕಿಬೀಳುವುದು ಅಲ್ಲೇ. ಕರಡು ತಿದ್ದಿದವರು ಬಹಳ ಶ್ರದ್ಧೆಯಿಂದ ಇಡೀ ಪತ್ರವನ್ನು ಶುದ್ಧ ಕನ್ನಡಕ್ಕೆ ತಂದಿದ್ದರು! ಕೊನೆಯ ಕರಡಿನಲ್ಲಿ ನೋಡಿ ಬೆವರಿದೆ. ಅಂದಿನಿಂದ ‘ಈ ಪುಟದ ತಪ್ಪುಗಳು ಬೇಕೆಂದೇ ಇವೆ, ಮುಟ್ಟಬೇಡಿ’ ಅಂತ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೇ ಕೊಡುತ್ತೇನೆ.

ದುಡ್ಡಿನ ವಿಷಯ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10. 200 ರೂಪಾಯಿಯ ಪುಸ್ತಕ 500 ಪ್ರತಿ ಖರ್ಚಾದರೆ ಲೇಖಕರಿಗೆ 10,000 ರೂಪಾಯಿ. ಎಷ್ಟೋ ಸಲ ಅದು ಪ್ರತಿಗಳ ರೂಪದಲ್ಲೇ ಬರುತ್ತದೆ. ಅದಕ್ಕಿಂತ ಮುಖ್ಯ ಕರಾರು. ಬಾಯಿಮಾತಲ್ಲಿ ಮುಗಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಲೇಖಕರ ಪರವಾಗಿದೆ. ಹಕ್ಕು ಬರೆದುಕೊಟ್ಟಾಗ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಸಿನಿಮಾ, ಧ್ವನಿಪುಸ್ತಕ, ಅನುವಾದದ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಅಂತ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಪತ್ತೇದಾರಿ ಕಥೆಗೆ ಅವೇ ಆಸ್ತಿ.

ಆ್ಯಪ್‌ಗಳಲ್ಲಿ ಬರೆಯುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಪ್ರತಿಲಿಪಿಯಂಥ ಕಡೆ ರಾತ್ರಿ ಹಾಕಿದ ಅಧ್ಯಾಯಕ್ಕೆ ಬೆಳಿಗ್ಗೆ ಹೊತ್ತಿಗೆ ಪ್ರತಿಕ್ರಿಯೆ ಬಂದಿರುತ್ತದೆ. ಎಲ್ಲಿ ಓದುಗರು ಬಿಟ್ಟುಹೋದರು ಅನ್ನುವುದು ಕಣ್ಣಿಗೆ ಕಾಣುತ್ತದೆ. ಹಿಂದಿನ ಅಧ್ಯಾಯ ತಿರುಗಿ ನೋಡುವುದೂ ಸುಲಭ. ಕಷ್ಟ ಒಂದೇ: ಜಾಣ ಓದುಗರು. ಕಥೆ ಅರ್ಧ ಆಗುವ ಮೊದಲೇ ಒಬ್ಬರು ‘ಕಾಂಪೌಂಡರೇ ಕೊಲೆಗಾರ, ಔಷಧಿ ಶೀಶೆ ಎಡಗೈಲಿ ತೆಗೀತಾನೆ ನೋಡಿ’ ಅಂತ ಬರೆದುಬಿಟ್ಟರು. ಸರಿಯಾಗಿಯೇ ಹೇಳಿದ್ದರು. ಉಳಿದವರೆಲ್ಲ ಅದನ್ನು ಓದಿದರು. ಕೊಲೆಗಾರನನ್ನು ಬದಲಿಸೋಣ ಅನ್ನಿಸುತ್ತದೆ, ಸಹಜ. ನಾನು ಬದಲಿಸಲಿಲ್ಲ. ಬದಲಿಸಿದರೆ ಹಿಂದೆ ಇಟ್ಟ ಸುಳಿವೆಲ್ಲ ಸುಳ್ಳಾಗುತ್ತದೆ, ಗಮನವಿಟ್ಟು ಓದಿದವರಿಗೇ ಮೋಸ ಮಾಡಿದಂತಾಗುತ್ತದೆ. ಈಗ ಇಡೀ ಕಥೆ ಮುಗಿಸಿಕೊಂಡ ಮೇಲೆಯೇ ಮೊದಲ ಅಧ್ಯಾಯ ಹಾಕುತ್ತೇನೆ. ಆದಾಯ ಆರಂಭದಲ್ಲಿ ಏನೂ ಇಲ್ಲವೆಂದೇ ತಿಳಿದುಕೊಳ್ಳಿ. ಇನ್ನು ಅಮೆಜಾನ್‌ನ ಇ-ಪುಸ್ತಕ ವೇದಿಕೆ ಕಿಂಡಲ್: 2016ರಲ್ಲಿ ಅಮೆಜಾನ್ ಅದಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದನ್ನು ಸೇರಿಸಿಕೊಂಡಾಗ ಕನ್ನಡವನ್ನು ಬಿಟ್ಟಿತ್ತು. ಕನ್ನಡದವರೇ ಕಟ್ಟಿದ ಮೈಲ್ಯಾಂಗ್‌ನಂಥ ಇ-ಪುಸ್ತಕ ವೇದಿಕೆಗಳು ಬಂದದ್ದು ಒಳ್ಳೆಯದಾಯಿತು.

ಸ್ವಂತ ಮುದ್ರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಕಾದಂಬರಿಗಳಿಗೆ ಸಾಮಾನ್ಯವಾದ ಡೆಮಿ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಹಾಳೆ, ಆದ್ದರಿಂದ ಪುಟಗಳು ಆ ಲೆಕ್ಕಕ್ಕೆ ಕೂಡುವಂತೆ ನೋಡಿಕೊಳ್ಳಿ. ನಾವು ಟೈಪ್ ಮಾಡಿದ ಯೂನಿಕೋಡ್ ಅಕ್ಷರವನ್ನು ಪುಟ ಜೋಡಿಸುವ ಡಿಟಿಪಿಯವರ ಹಳೇ ಫಾಂಟಿಗೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ ಎಲ್ಲಿಗೋ ಹಾರಿಹೋಗುತ್ತವೆ, ಮತ್ತೆ ಮೊದಲಿಂದ ಓದಲೇಬೇಕು. ಮುದ್ರಿಸುವುದು ಸುಲಭ, ಮಾರುವುದು ಕಷ್ಟ. 200 ರೂಪಾಯಿಯ ಪುಸ್ತಕಕ್ಕೆ ಅಂಗಡಿಗೆ ಶೇಕಡಾ 40 ಬಿಟ್ಟರೆ ಕೈಗೆ ಉಳಿಯುವುದು 120. ಮುದ್ರಣ, ಅಂಚೆ, ಮುಖಪುಟ ಎಲ್ಲ ಅದರಲ್ಲೇ ಆಗಬೇಕು. ಊರೂರಿಗೆ ಓಡಾಡಿ ಮಾರುವ ಉತ್ಸಾಹ ಇರುವವರಿಗೆ ಮಾತ್ರ ಇದು ಸರಿ.

ಮೊದಲ ಕಾದಂಬರಿಯವರಿಗೆ ನನ್ನ ಸಲಹೆ: ಪೂರ್ತಿ ಬರೆದು ಆ್ಯಪ್‌ನಲ್ಲಿ ಹಾಕಿ, ಸುಳಿವು ಎಲ್ಲಿ ಜಾಸ್ತಿಯಾಯಿತು, ಎಲ್ಲಿ ಕಡಿಮೆಯಾಯಿತು ನೋಡಿ ತಿದ್ದಿ, ಆಮೇಲೆ ಪ್ರಕಾಶಕರ ಹತ್ತಿರ ಹೋಗಿ. ‘ಈಗಾಗಲೇ ಬೇರೆ ಕಡೆ ಬಂದಿದೆ’ ಅಂತ ಅವರಿಗೆ ಮೊದಲೇ ಹೇಳಿ. ಕೈಯಲ್ಲಿ ಎರಡು ಮೂರು ಪುಸ್ತಕ ಇರುವವರು ವಾರಪತ್ರಿಕೆಗೆ ಪ್ರಯತ್ನಿಸಿ.

ಧ್ವನಿಪುಸ್ತಕ ಮಾತ್ರ ನಾನಿನ್ನೂ ಅರ್ಧ ಮನಸ್ಸಿನಲ್ಲಿರುವ ದಾರಿ. ಟಿಕೆಟ್ಟಿನ ಕಥೆಯನ್ನು ಕೊಡಬಹುದು, ಅದನ್ನು ಕಿವಿಯಲ್ಲಿ ಕೇಳಿದರೂ ಸುಳಿವು ಕೆಡುವುದಿಲ್ಲ. ಪತ್ರದ ಕಥೆ ಹಾಗಲ್ಲ. ಓದುವ ಕಣ್ಣು ‘ಹರಿಶಿನ’ವನ್ನು ದಾಟಿ ಹೋಗಬಹುದು, ಆದರೆ ಕಲಾವಿದರು ಗಟ್ಟಿಯಾಗಿ ಹಾಗೆ ಉಚ್ಚರಿಸಿದ ತಕ್ಷಣ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅದಕ್ಕೇ ಆ ಅಧ್ಯಾಯವನ್ನು ಕೇಳುಗರಿಗಾಗಿ ಬೇರೆಯಾಗಿ ಬರೆಯುತ್ತಿದ್ದೇನೆ.