ಕಾರವಾರದ ಉಚಿತ ಕಾನೂನು ನೆರವು: ಅವರು ಮೊದಲು ಕೇಳಿದ್ದು ಹುಟ್ಟಿದ ದಿನ

ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮ ಸಂಬಂಧದ ಹುಡುಗಿಯೊಬ್ಬಳ ಜೊತೆ ಹೋಗಿದ್ದೆ. ಹೆಸರು, ಊರು ಬರೆಯುವುದಿಲ್ಲ. ಇಂಥ ಪ್ರಕರಣದಲ್ಲಿ ಗುರುತು ಬಯಲು ಮಾಡುವುದೇ ಅಪರಾಧ. ಅವಳಿಗೆ ಹದಿನೈದು ವರ್ಷ ಇದ್ದಾಗ, ಮನೆಗೆ ಬಂದು ಹೋಗುತ್ತಿದ್ದವನೊಬ್ಬ ಲೈಂಗಿಕ ದೌರ್ಜನ್ಯ ಮಾಡಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಕ್ಕೆ ಅವಳಿಗೆ ಐದು ವರ್ಷ ಬೇಕಾಯಿತು. ಮೊದಲು ಶಿರಸಿಯಲ್ಲಿ ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. "ಮೂರು ವರ್ಷ ದಾಟಿ ಹೋಯ್ತಲ್ಲ ತಂಗಿ, ಇನ್ನೇನೂ ಆಗೋದಿಲ್ಲ" ಅಂದರು. ಐದೇ ನಿಮಿಷ. ಬಸ್ ಸ್ಟ್ಯಾಂಡ್ ಮುಟ್ಟುವ ತನಕ ಅವಳು ಒಂದು ಮಾತೂ ಆಡಲಿಲ್ಲ.

ನನಗೆ ಸಮಾಧಾನ ಆಗಲಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದೆ, ಮುಂದಿನ ವಾರ ಬೆಳಿಗ್ಗೆ ಬಸ್ ಹತ್ತಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕಾರವಾರಕ್ಕೆ ಹೋದೆವು.

ಅಲ್ಲಿನ ವಕೀಲೆ ಮೊದಲು ಏನಾಯಿತು ಅಂತ ಕೇಳಲೇ ಇಲ್ಲ. "ಹುಟ್ಟಿದ ದಿನ ಯಾವುದಮ್ಮ?" ಅಂದರು. ಆಮೇಲೆ ಗೊತ್ತಾಯಿತು, ಲೆಕ್ಕವೆಲ್ಲ ನಿಂತಿರುವುದೇ ಅದರ ಮೇಲೆ. ಪರಿಹಾರಕ್ಕಾಗಿ ಸಿವಿಲ್ ದಾವೆ ಹಾಕಲು ಮೂರು ವರ್ಷ ಅನ್ನುವುದು ನಿಜ. ಆದರೆ ಆಗ ಮೈನರ್ ಆಗಿದ್ದವರಿಗೆ ದಾವೆಗಳಿಗೆ ಗಡುವು ಹೇಳುವ 1963ರ ಲಿಮಿಟೇಶನ್ ಕಾಯ್ದೆಯ 6 ಮತ್ತು 8ನೇ ಕಲಂ ಪ್ರಕಾರ ಆ ಮೂರು ವರ್ಷ 18 ತುಂಬಿದ ಮೇಲೆ ಶುರುವಾಗುತ್ತದೆ. ಅಂದರೆ 21ರ ತನಕ. ಅವಳ ಕೈಯಲ್ಲಿ ಇನ್ನೂ ಏಳು ತಿಂಗಳಿತ್ತು! ಆದರೆ ಆ ದಿನ ದಾಟಿದರೆ ಮುಗೀತು, ಅಪೀಲಿಗೆ ತಡವಾದಾಗ ಮನ್ನಿಸಿ ಅಂತ ಅರ್ಜಿ ಹಾಕುವ ಹಾಗೆ ದಾವೆಗೆ ಹಾಕಲು ಬರುವುದಿಲ್ಲ.

ಪೊಲೀಸ್ ದೂರಿನ ಲೆಕ್ಕವೇ ಬೇರೆ. ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಗಡುವೇ ಇಲ್ಲ, ಪೋಕ್ಸೋದ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ) ಗಂಭೀರ ಅಪರಾಧಗಳೆಲ್ಲ ಇದರಲ್ಲೇ ಬರುತ್ತವೆ. ಕೇಸು ದಾಖಲಾದ ಮೇಲೆ ವಿಶೇಷ ಕೋರ್ಟು ಮಧ್ಯಂತರ ಪರಿಹಾರ ಕೊಡಿಸಬಹುದು, 2020ರ ಪೋಕ್ಸೋ ನಿಯಮದಂತೆ ಆದೇಶ ಮುಟ್ಟಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು.

ಇದನ್ನೆಲ್ಲ ಅವರು ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಅವಳು ಅತ್ತಾಗ ಸುಮ್ನೆ ಕಾದರು, ಅವಸರ ಮಾಡಲಿಲ್ಲ. ದುಡ್ಡು ಎಷ್ಟಾಗುತ್ತದೋ ಅಂತ ನಾನು ಹೆದರಿದ್ದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಈ ನೆರವು ಉಚಿತ, ವಕೀಲರ ಫೀ ಅಷ್ಟೇ ಅಲ್ಲ, ಕೋರ್ಟ್ ಫೀ ಕೂಡ.

ನನ್ನ ಸಿಟ್ಟು ಏನಿದ್ದರೂ ಆ 21ರ ಗಡುವಿನ ಮೇಲೆ. ಆ ವಯಸ್ಸಿಗೆ ಎಷ್ಟು ಜನರಿಗೆ ಹೇಳುವ ಧೈರ್ಯ ಬಂದಿರುತ್ತದೆ, ಹೇಳಿ? ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಇಂಥ ಗಡುವನ್ನು 55ನೇ ವಯಸ್ಸಿಗೆ ಏರಿಸಿತು, ಗಡುವು ಮುಗಿದಿದ್ದ ಹಳೆಯ ಪ್ರಕರಣಗಳಿಗೂ ಎರಡು ವರ್ಷ ಅವಕಾಶ ಕೊಟ್ಟಿತು. ನಮ್ಮಲ್ಲೂ ಹಾಗೆ ಆಗಲೇಬೇಕು.

ಹೋಗುವವರು ಆಧಾರ್ ಜೊತೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒಯ್ಯಿರಿ, ಹುಟ್ಟಿದ ದಿನಕ್ಕೆ ಅದೇ ಆಧಾರ. ಕಾರವಾರದ ತನಕ ಹೋಗಲೇಬೇಕು ಅಂತಿಲ್ಲ, ಶಿರಸಿ ಕೋರ್ಟಿನಲ್ಲೂ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಊರವರ ಕಣ್ಣಿಗೆ ಬೀಳಬಾರದು ಅಂತ ಅವಳು ಕೇಳಿಕೊಂಡಳು, ಅದಕ್ಕೇ ನಾವು ಅಷ್ಟು ದೂರ ಹೋದದ್ದು.